ಹಿತ್ತಲಿಗೆ ಬರುವ ನವಿಲು ಕುಣಿಯುವುದನ್ನು ನೋಡುವುದು ಹೇಗೆ?

ಬೆಂಗಳೂರಿನ ತುರಹಳ್ಳಿ ಕಾಡಿನ ಅಂಚಿನ ಬಡಾವಣೆಗಳು, ಕನಕಪುರ ರಸ್ತೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಸುತ್ತಮುತ್ತ, ಹೆಸರಘಟ್ಟ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಅಕ್ಕಪಕ್ಕ. ಈ ಕಡೆಯವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ನಮ್ಮ ಮನೆ ಹಿಂದಿನ ಖಾಲಿ ಸೈಟಿಗೆ ದಿನಾ ನವಿಲು ಬರುತ್ತದೆ. ಕೂಗಂತೂ ಕೇಳಿ ಕೇಳಿ ಸಾಕಾಗಿದೆ. ಆದರೆ ಕುಣಿಯುವುದನ್ನು ಮಾತ್ರ ಇವತ್ತಿನವರೆಗೂ ಸರಿಯಾಗಿ ನೋಡಿಲ್ಲ. ಮೊಬೈಲ್ ತರುವಷ್ಟರಲ್ಲಿ ಗರಿ ಮುಚ್ಚಿಕೊಂಡು ಹೋಗಿರುತ್ತದೆ. ಏನು ಮಾಡೋದು?"

ಬಿಡಿಬಿಡಿಯಾಗಿ ಉತ್ತರ ಹೇಳಿ ಸುಸ್ತಾಗಿದೆ. ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಗಂಡು ನವಿಲಿನ ಹಿಂದೆ ಬೀಳಬೇಡಿ. ಹೆಣ್ಣು ನವಿಲು ಎಲ್ಲಿದೆ ಅಂತ ಹುಡುಕಿ, ಅದರ ಮೇಲೆ ಕಣ್ಣಿಡಿ. ಗಂಡು ಎಲ್ಲಿ, ಯಾವಾಗ, ಯಾವ ಕಡೆ ತಿರುಗಿ ಕುಣಿಯುತ್ತದೆ ಅನ್ನುವುದೆಲ್ಲ ಜಾಸ್ತಿ ಅದರ ಮೇಲೇ ನಿಂತಿರುತ್ತದೆ.

ಮೊದಲು ಎರಡು ಪದ

ಸೋಗೆ: ನಾವು ನವಿಲಿನ ಬಾಲ ಅನ್ನುವುದು ನಿಜವಾಗಿ ಬಾಲ ಅಲ್ಲ. ಬಾಲದ ಬುಡವನ್ನು ಮೇಲಿನಿಂದ ಮುಚ್ಚುವ ಹೊದಿಕೆ ಗರಿಗಳು ಬೆಳೆದು ಬೆಳೆದು ಅಷ್ಟುದ್ದ ಆಗಿವೆ. ಇದಕ್ಕೆ ಸೋಗೆ ಅನ್ನುವ ಒಳ್ಳೆಯ ಹಳೆಯ ಕನ್ನಡ ಪದವಿದೆ. ಮಲೆನಾಡಿನವರಿಗೆ ಸೋಗೆ ಅಂದರೆ ಅಡಿಕೆ ಮರ ನೆನಪಾಗಬಹುದು, ಇರಲಿ. ಅಸಲಿ ಬಾಲ ಇರುವುದು ಸೋಗೆಯ ಹಿಂದೆ. ಅದರಲ್ಲಿ 20 ಗರಿಗಳಿವೆ. ಬಣ್ಣ ಕಂದು, ಗಿಡ್ಡ, ಗಟ್ಟಿ. ಸೋಗೆಯನ್ನು ಎತ್ತಿ ಹಿಡಿಯುವ ಊರುಗೋಲು ಅದೇ. ಇದನ್ನು ನೆನಪಿಟ್ಟುಕೊಳ್ಳಿ, ಐದನೇ ಹಂತದಲ್ಲಿ ಬೇಕಾಗುತ್ತದೆ.

ಕಣ: ಗಂಡುಗಳು ಕುಣಿಯಲು ಆರಿಸಿಕೊಳ್ಳುವ ಬಯಲು. ಪಕ್ಷಿ ತಜ್ಞರು ಇದನ್ನು 'ಲೆಕ್' ಅನ್ನುತ್ತಾರೆ. ಒಂದೇ ಪ್ರದೇಶದಲ್ಲಿ ಕೆಲವು ಗಂಡುಗಳು ಅಷ್ಟಷ್ಟು ದೂರದಲ್ಲಿ ತಮ್ಮ ತಮ್ಮ ಜಾಗ ಹಿಡಿದು ನಿಲ್ಲುತ್ತವೆ. ಹೆಣ್ಣುಗಳು ಬಂದು, ಸುತ್ತಾಡಿ, ನೋಡಿ ಆರಿಸುತ್ತವೆ. ಗೂಡು, ಕಾವು, ಮರಿ ಸಾಕುವುದು ಯಾವುದರಲ್ಲೂ ಗಂಡಿನ ಪಾಲಿಲ್ಲ. ಹಾಗಾಗಿ ಅದು ತೋರಿಸಬೇಕಾದ್ದನ್ನೆಲ್ಲ ಇಲ್ಲೇ ತೋರಿಸಬೇಕು.

ಏನೇನು ಬೇಕು

ದೊಡ್ಡ ಖರ್ಚಿಲ್ಲ. ಒಂದು ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ 8×42 ಅಂತ ಕೇಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಬೆಳಗಿನ ಮಂಕು ಬೆಳಕಿಗೆ ಈ ಅಗಲ ಬೇಕು. 12, 16 ಪಟ್ಟು ಅಂತ ಆಸೆ ಪಡಬೇಡಿ. ನವಿಲಿನ ಜೊತೆ ನಿಮ್ಮ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಮಳೆ ಹನಿ ಬಿದ್ದರೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಸ್ಲೋ ಮೋಷನ್ ಇರುವ ಫೋನು. ಕೂರಲು ಒಂದು ಸ್ಟೂಲು. ಕಾಫಿ ಬೇಕಾದರೆ ಫ್ಲಾಸ್ಕಿನಲ್ಲಿ ತಂದಿಟ್ಟುಕೊಳ್ಳಿ, ಆದರೆ ಸ್ಟೀಲ್ ಲೋಟ ಬೇಡ. ಟೆರೇಸಿನ ನೆಲಕ್ಕೆ ಲೋಟ ಇಟ್ಟ ಟಣ್ ಸದ್ದಿಗೇ ನನ್ನ ಒಂದಿಡೀ ಬೆಳಗು ಹಾಳಾಗಿದೆ.

ಹಂತ 1: ಕಾಲ ಮತ್ತು ಹೊತ್ತು ನೋಡಿಕೊಳ್ಳಿ

ಜನವರಿಯಲ್ಲಿ ಕಾದು ಕೂತು ಬೇಸರಪಟ್ಟವರು ಬಹಳ. ನವಿಲಿನ ಜೋಡಿ ಕಾಲ ಮಳೆಗೆ ಅಂಟಿಕೊಂಡಿದೆ. ಉತ್ತರ ಭಾರತದಲ್ಲಿ ಅದು ಜೂನ್ ಹೊತ್ತಿಗೆ ಜೋರಾದರೆ, ದಕ್ಷಿಣದಲ್ಲಿ ಏಪ್ರಿಲ್-ಮೇ ತಿಂಗಳಲ್ಲೇ ಜೋರು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಅಶ್ವಿನಿ, ಭರಣಿ ಮಳೆಯ ಹೊತ್ತು. ಬೆಂಗಳೂರಿನಲ್ಲಿ ಸಂಜೆ ಗುಡುಗಿ ಸುರಿದು, ಮಾರನೇ ಬೆಳಗ್ಗೆ ಮಣ್ಣು ಘಮ್ಮೆನ್ನುವ ದಿನಗಳು. ಆಮೇಲೆ ಮುಂಗಾರಿನುದ್ದಕ್ಕೂ ಕುಣಿತ ಆಗಾಗ ಕಾಣುತ್ತದೆ. ಆಗಸ್ಟ್ ಹೊತ್ತಿಗೆ ಗರಿ ಉದುರಲು ಶುರುವಾಗುತ್ತದೆ.

ಮೋಡ ಕಂಡ ಕೂಡಲೇ ನವಿಲು ಖುಷಿಯಿಂದ ಕುಣಿಯುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ಜೋಡಿ ಕಾಲವೂ ಮಳೆಗಾಲವೂ ಒಟ್ಟಿಗೆ ಬರುವುದರಿಂದ ಹುಟ್ಟಿದ ಮಾತದು. ಜೋರು ಮಳೆಯಲ್ಲಿ ಕಾದು ಕೂರಬೇಡಿ. ನೆಂದ ಸೋಗೆ ಭಾರ. ಒದ್ದೆಯಾದ ನವಿಲು ಮರದ ಕೊಂಬೆ ಮೇಲೋ ಕಾಂಪೌಂಡಿನ ಮೇಲೋ ಕೂತು ಸೋಗೆ ಇಳಿಬಿಟ್ಟು ಒಣಗಿಸಿಕೊಳ್ಳುತ್ತಾ ಇರುತ್ತದೆ, ನಮ್ಮ ಮನೆಗಳಲ್ಲಿ ಜಮಖಾನ ಒಣ ಹಾಕಿದ ಹಾಗೆ. ರಾತ್ರಿ ಮಳೆ ಬಂದು ಬೆಳಗ್ಗೆ ಬಿಸಿಲು ಬಿದ್ದರೆ ಅದು ಒಳ್ಳೆಯ ದಿನ.

ಹೊತ್ತು: ಸೂರ್ಯ ಹುಟ್ಟಿದ ಮೇಲೆ ಒಂಬತ್ತು ಗಂಟೆಯ ತನಕ, ಮತ್ತೆ ಸಂಜೆ ನಾಲ್ಕರಿಂದ ಕತ್ತಲಾಗುವ ತನಕ. ಮೇ ತಿಂಗಳಲ್ಲಿ ಇಲ್ಲಿ ಆರಕ್ಕೆ ಮುಂಚೆಯೇ ಬೆಳಕು ಹರಿಯುತ್ತದೆ. ಐದೂಮುಕ್ಕಾಲಿಗೆ ಕೂತಿರಿ. ನಮ್ಮ ಬೀದಿಯಲ್ಲಿ ಕಸದ ಆಟೋ ಹಾಡು ಹಾಕಿಕೊಂಡು ಬಂದ ಮೇಲೆ ಸುಮಾರು ಮುಗಿದ ಹಾಗೆಯೇ.

ಹಂತ 2: ಯಾರು ಯಾರು ಅಂತ ಗುರುತಿಸಿ

ದೊಡ್ಡ ಗಂಡನ್ನು ಗುರುತಿಸಲು ಯಾರಿಗೂ ಹೇಳಿಕೊಡಬೇಕಿಲ್ಲ. ತಪ್ಪಾಗುವುದು ಉಳಿದವುಗಳಲ್ಲಿ.

ಹೆಣ್ಣು ಕಂದು ಬಣ್ಣದ್ದು, ಹೊಟ್ಟೆ ಬೆಳ್ಳಗೆ, ಕುತ್ತಿಗೆಯ ಕೆಳಭಾಗದಲ್ಲಿ ಹಸಿರು ಮಿಂಚು, ಸೋಗೆ ಇಲ್ಲ. ತಲೆಯ ಮೇಲೆ ತುರಾಯಿ ಇದೆ, ಗಂಡಿನ ತುರಾಯಿಯ ತುದಿ ನೀಲಿ ಹಸಿರು, ಹೆಣ್ಣಿನದು ಕಂದು. ಎಳೆಯ ಗಂಡು ಮೊದಲ ವರ್ಷ ಹೆಚ್ಚುಕಡಿಮೆ ಹೆಣ್ಣಿನ ಹಾಗೇ ಕಾಣುತ್ತದೆ. ಅದು ರೆಕ್ಕೆ ಬಿಚ್ಚಿದಾಗ ನೋಡಿ. ರೆಕ್ಕೆ ತುದಿಯ ದೊಡ್ಡ ಗರಿಗಳು ದಾಲ್ಚಿನ್ನಿ ಬಣ್ಣದಲ್ಲಿದ್ದರೆ ಗಂಡು. ಎರಡನೇ ವರ್ಷದಿಂದ ಸೋಗೆ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಪೂರ್ತಿ ಸೋಗೆ ಬರಲು ಸುಮಾರು ನಾಲ್ಕು ವರ್ಷ ಬೇಕು.

ಖಾಲಿ ಸೈಟಿನ ಪೊದೆಯಲ್ಲಿ ಕೆಂಬೂತ ನೋಡಿ ನವಿಲಿನ ಮರಿ ಅಂದುಕೊಂಡವರೂ ಇದ್ದಾರೆ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು ಇದ್ದರೆ ಅದು ಕೆಂಬೂತ. ನವಿಲನ್ನು ನೋಡಿ ಪುಕ್ಕ ತರಿದುಕೊಂಡ ಗಾದೆಯ ಹಕ್ಕಿ ಅದೇ. ಪಾಪ, ಅದು ತನ್ನಷ್ಟಕ್ಕೆ ಬಸವನಹುಳು ಹುಡುಕುತ್ತಾ ಇರುತ್ತದೆ.

ಹಂತ 3: ಕಣ ಹುಡುಕಿ

ಇದೇ ಅರ್ಧ ಕೆಲಸ. ಗಂಡು ಒಂದು ಋತುವಿನಲ್ಲಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಅದು ಗೊತ್ತಾದರೆ ನೀವು ಅಲೆಯಬೇಕಿಲ್ಲ.

ಒಂದು ವಾರ ಸುಮ್ನೆ ಗಮನಿಸಿ. ಬೆಳಗ್ಗೆ ಕೂಗು ಯಾವ ದಿಕ್ಕಿನಿಂದ ಬರುತ್ತದೆ? ದಿನಾ ಅದೇ ಕಡೆಯಿಂದ ಬಂದರೆ ಅಲ್ಲೇ ಎಲ್ಲೋ ಇದೆ. ನಮ್ಮ ಬಡಾವಣೆಗಳಲ್ಲಿ ಅದು ಸಾಮಾನ್ಯವಾಗಿ ಹುಲ್ಲು ಗಿಡ್ಡವಾಗಿರುವ ಖಾಲಿ ಸೈಟು, ಅರ್ಧಕ್ಕೆ ನಿಂತ ಕಟ್ಟಡದ ಬುನಾದಿ, ಎಂ ಸ್ಯಾಂಡ್ ರಾಶಿಯ ಪಕ್ಕದ ಸಮತಟ್ಟು ಜಾಗ, ಇಲ್ಲವೇ ಯಾರದೋ ಟೆರೇಸು. ಎರಡು ವಿಷಯ ಇರಲೇಬೇಕು: ಸೋಗೆ ಬಿಚ್ಚಿ ಸುತ್ತಲು ಬಯಲು, ನಾಯಿ ಬಂದರೆ ಓಡಿಹೋಗಲು ಪಕ್ಕದಲ್ಲೇ ಪೊದೆ ಅಥವಾ ಮರ. ಮಧ್ಯಾಹ್ನ ಹಕ್ಕಿ ಇಲ್ಲದ ಹೊತ್ತಿನಲ್ಲಿ ಹೋಗಿ ನೋಡಿ. ಮಣ್ಣಿನಲ್ಲಿ ತಟ್ಟೆ ಅಗಲದ ಗುಳಿಗಳಿದ್ದರೆ ಅವು ಧೂಳು ಸ್ನಾನದ ಗುಳಿ. ಮೂರು ಬೆರಳು ಮುಂದೆ ಚಾಚಿದ ದೊಡ್ಡ ಹೆಜ್ಜೆ, ಹಿಕ್ಕೆ, ಗರಿಯ ಚೂರುಗಳೂ ಸಿಗಬಹುದು.

ಬೇರೆಯವರ ಸೈಟಿಗೆ ಕಾಂಪೌಂಡ್ ಹಾರಿ ಹೋಗಬೇಡಿ. ಕೇಳಿ ಹೋಗಿ. ಜ್ಞಾನಭಾರತಿ, ಜಿಕೆವಿಕೆಯಂಥ ಆವರಣಗಳಿಗೂ ಅವರವರ ಸಮಯ, ನಿಯಮ ಇವೆ.

ಹಂತ 4: ಎಲ್ಲಿ ಕೂರಬೇಕು

ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಗ್ಗೆ ಕಣದ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ. ಫೋಟೋ ಚೆನ್ನಾಗಿ ಬರಲಿ ಅಂತ ಮಾತ್ರ ಈ ಮಾತಲ್ಲ. ನವಿಲಿನ ನೀಲಿ, ಹಸಿರು ಬಣ್ಣದ ಮೂಲ ಗರಿಯೊಳಗಿನ ಸೂಕ್ಷ್ಮ ರಚನೆ. ಬೆಳಕು ಅದಕ್ಕೆ ತಾಗಿ ಹೊಮ್ಮುವ ಕೋನದ ಮೇಲೆ ಬಣ್ಣ ಬದಲಾಗುತ್ತದೆ. ಎದುರು ಬಿಸಿಲಿನಲ್ಲಿ ಕೂತರೆ ನಿಮಗೆ ಕಾಣುವುದು ಕಪ್ಪು ಬೀಸಣಿಗೆ ಅಷ್ಟೆ. ಗಂಡಿಗೂ ಇದು ಗೊತ್ತಿರುವ ಹಾಗಿದೆ. ಕೆನಡಾದ ಸಂಶೋಧಕರಾದ ರೋಸ್ಲಿನ್ ಡೇಕಿನ್ ಮತ್ತು ರಾಬರ್ಟ್ ಮಾಂಟ್ಗೊಮರಿ 2009ರಲ್ಲಿ ಅಳತೆ ಮಾಡಿ ತೋರಿಸಿದ್ದು: ಗರಿ ನಡುಗಿಸುವಾಗ ಗಂಡು ಸರಾಸರಿ ಸೂರ್ಯನ ದಿಕ್ಕಿನಿಂದ 45 ಡಿಗ್ರಿ ಬಲಕ್ಕೆ ಮುಖ ಮಾಡಿ ನಿಂತಿರುತ್ತದೆ, ಹೆಣ್ಣು ನೇರ ಎದುರಿಗಿರುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟು ಕೂತರೆ ಸೋಗೆಯ ಮುಂಭಾಗ ನಿಮಗೂ ಸಿಗುವ ಸಾಧ್ಯತೆ ಜಾಸ್ತಿ.

ಮನೆಯ ಕಿಟಕಿಯೇ ಎಲ್ಲಕ್ಕಿಂತ ಒಳ್ಳೆಯದು. ಹಿಂದಿನ ರಾತ್ರಿಯೇ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಡಿ, ಪರದೆ ಎಳೆದಿಡಿ, ಒಳಗೆ ದೀಪ ಹಾಕಬೇಡಿ. ನವಿಲು ಬಂದ ಮೇಲೆ ಕಿಟಕಿ ತೆಗೆದರೆ ಮುಗಿಯಿತು. ಬಾಲ್ಕನಿ ಆದರೆ ಬಟ್ಟೆ ಒಣ ಹಾಕುವ ತಂತಿಗೆ ಹಳೆಯ ಬೆಡ್‌ಶೀಟು ಎರಡು ದಿನ ಮುಂಚೆ ಹಾಕಿಬಿಡಿ. ನವಿಲಿಗೆ ಅದು ರೂಢಿಯಾಗುತ್ತದೆ. ಬಯಲಿನಲ್ಲಿ ಕೂರುವುದಾದರೆ ಕಡಿಮೆಯೆಂದರೂ 20 ಮೀಟರ್ ದೂರವಿರಿ, ಮಾಸಲು ಬಣ್ಣದ ಬಟ್ಟೆ ಹಾಕಿ.

ಹಂತ 5: ಕುಣಿತವನ್ನು ಬಿಡಿಸಿ ನೋಡಿ

ನಾವು ಕುಣಿತ ಅಂತ ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಬೇರೆ ಬೇರೆ ಭಾಗಗಳಿವೆ. ಪ್ರತಿ ಸಲವೂ ಎಲ್ಲವೂ ಆಗುವುದಿಲ್ಲ. ಅದಕ್ಕೇ ಒಂದೊಂದನ್ನೂ ಬೇರೆಯಾಗಿ ಗುರುತಿಸಲು ಕಲಿಯಬೇಕು.

ಮೊದಲನೆಯದು ಕೂಗು. ಬೆಕ್ಕನ್ನು ಯಾರೋ ಮೈಕಿನಲ್ಲಿ ಕೂಗಿಸಿದ ಹಾಗೆ "ಮಿ-ಯಾವ್" ಅನ್ನುವುದು ಊರಿಗೆಲ್ಲ ಗೊತ್ತು. ಗುಡುಗಿಗೂ ಪಟಾಕಿಗೂ ಕೂಗುತ್ತದೆ. ಹಾಗಾಗಿ ಕೂಗು ಕೇಳಿತು ಅಂದರೆ ಕುಣಿತ ಶುರುವಾಯಿತು ಅಂತಲ್ಲ.

ಎರಡನೆಯದು ಸೋಗೆ ಎತ್ತುವುದು. ಮೈ ಒಮ್ಮೆ ಕೊಡವಿ, ಮುಂದಕ್ಕೆ ಸ್ವಲ್ಪ ಬಾಗಿ, ಸೋಗೆಯನ್ನು ಮೇಲೆತ್ತಿ ಅಗಲಿಸುತ್ತದೆ. ಎಲ್ಲರೂ "ಆಹಾ" ಅಂದು ಫೋನ್ ಎತ್ತುವುದು ಇಲ್ಲೇ. ಎತ್ತಬೇಡಿ. ಇನ್ನೂ ಏನೂ ಶುರುವಾಗಿಲ್ಲ.

ಮೂರನೆಯದು ರೆಕ್ಕೆ ಅಲುಗಾಟ. ಹೊಸಬರು ತಪ್ಪು ತಿಳಿಯುವುದು ಇದನ್ನೇ. ಹೆಣ್ಣು ಹತ್ತಿರ ಬರುತ್ತಿದ್ದಂತೆ ಗಂಡು ಅದಕ್ಕೆ ಬೆನ್ನು ತಿರುಗಿಸಿ ನಿಂತುಬಿಡುತ್ತದೆ! "ಅಯ್ಯೋ, ಹೆಣ್ಣು ಈ ಕಡೆ ಇದೆ, ಇದು ಆ ಕಡೆ ತಿರುಗಿದೆ, ದಡ್ಡ ನವಿಲು" ಅಂತ ನಗುತ್ತೇವೆ. ಹಿಂದಿನಿಂದ ನೋಡಿ. ದಾಲ್ಚಿನ್ನಿ ಬಣ್ಣದ ರೆಕ್ಕೆಗಳನ್ನು ಅರ್ಧ ಬಿಚ್ಚಿ ಕೆಳಗಿಳಿಸಿ ಪಟಪಟ ಅಲುಗಿಸುತ್ತಾ ಇರುತ್ತದೆ. ಗಿಡ್ಡ ಕಂದು ಬಾಲ ನೆಟ್ಟಗೆ ನಿಂತಿರುತ್ತದೆ, ಅದರ ಬುಡದಲ್ಲಿ ಕಪ್ಪು ಮೆತ್ತನೆ ಪುಕ್ಕದ ಗೊಂಚಲು. ಹಾಗೇ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೆಣ್ಣಿನ ಹತ್ತಿರ ಸರಿಯುತ್ತದೆ. ಇದು ದಡ್ಡತನ ಅಲ್ಲ, ಕುಣಿತದ್ದೇ ಒಂದು ಭಾಗ.

ನಾಲ್ಕನೆಯದು ಗರಿ ನಡುಕ. ಗಂಡು ಸರ್ರನೆ ತಿರುಗುತ್ತದೆ. ಇಡೀ ಸೋಗೆ ಹೆಣ್ಣಿನ ಕಡೆಗೆ ಸ್ವಲ್ಪ ಬಾಗಿ ನಡುಗಲು ಶುರುವಾಗುತ್ತದೆ. ಹತ್ತಿರವಿದ್ದರೆ ಸದ್ದು ಕೇಳುತ್ತದೆ, ಒಣಗಿದ ತರಗೆಲೆ ಮೇಲೆ ತೆಳು ಮಳೆ ಬಿದ್ದ ಹಾಗೆ. ಮೊದಲೇ ಹೇಳಿದ ಅಸಲಿ ಬಾಲದ ಗಟ್ಟಿ ಗರಿಗಳು ಹಿಂದಿನಿಂದ ಸೋಗೆಗೆ ತಾಗಿ ಸವರುವ ಸದ್ದದು. 2016ರಲ್ಲಿ ಡೇಕಿನ್ ಮತ್ತು ಜೊತೆಗಾರರು ವೇಗದ ಕ್ಯಾಮೆರಾದಲ್ಲಿ ಹಿಡಿದು ಎಣಿಸಿದಾಗ ಸಿಕ್ಕಿದ ಲೆಕ್ಕ ಸೆಕೆಂಡಿಗೆ ಸರಾಸರಿ 25.6 ಸಲ. ಇಷ್ಟಾದರೂ ಗರಿಯ ಕಣ್ಣುಗಳು, ಅಂದರೆ ನೀಲಿ ಚುಕ್ಕೆಗಳು, ಹೆಚ್ಚುಕಡಿಮೆ ಅಲುಗಾಡದೆ ನಿಂತ ಹಾಗೆ ಕಾಣುತ್ತವೆ. ಅವುಗಳ ಸುತ್ತಲಿನ ಸಡಿಲ ಎಳೆಗಳು ಮಾತ್ರ ಮಿಣಮಿಣ ಅನ್ನುತ್ತವೆ. ಕಣ್ಣಿನ ಚುಕ್ಕೆಯೊಳಗಿನ ಎಳೆಗಳು ಒಂದಕ್ಕೊಂದು ಸೂಕ್ಷ್ಮ ಕೊಕ್ಕೆಗಳಿಂದ ಹೆಣೆದುಕೊಂಡಿರುವುದೇ ಕಾರಣ. ಬೈನಾಕ್ಯುಲರ್ ಹಾಕಿ ಒಂದೇ ಒಂದು ಕಣ್ಣನ್ನು ನೋಡುತ್ತಾ ಇರಿ. ಗೊತ್ತಾಗುತ್ತದೆ.

ಈ ನಡುಕದಲ್ಲಿ ನಮ್ಮ ಕಿವಿಗೆ ಬೀಳದ ಸದ್ದೂ ಇದೆ. ಸೆಕೆಂಡಿಗೆ 20 ಕಂಪನಕ್ಕಿಂತ ಕೆಳಗಿನದನ್ನು ಮನುಷ್ಯರು ಕೇಳಲಾರರು. ಕುಣಿಯುವ ನವಿಲು ಅಂಥ ಮಂದ್ರ ಸದ್ದು ಹೊರಡಿಸುತ್ತದೆ, ಅದನ್ನು ಮುದ್ರಿಸಿ ಕೇಳಿಸಿದರೆ ಉಳಿದ ನವಿಲುಗಳು ಎಚ್ಚೆತ್ತುಕೊಳ್ಳುತ್ತವೆ ಅಂತ ಆಂಜೆಲಾ ಫ್ರೀಮನ್ ಮತ್ತು ಜೇಮ್ಸ್ ಹೇರ್ 2015ರಲ್ಲಿ ತೋರಿಸಿದರು. ನಿಮ್ಮ ಫೋನಿನ ಮೈಕು ಅದನ್ನು ಹಿಡಿಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಐದನೆಯದು ಹೂಂಕರಿಸಿ ನುಗ್ಗುವುದು. ಹೆಣ್ಣು ಒಪ್ಪಿದರೆ ನೆಲಕ್ಕೆ ಕುಗ್ಗಿ ಕೂರುತ್ತದೆ. ಗಂಡು ಒಂದು ವಿಚಿತ್ರ ಹೂಂಕಾರ ಹಾಕಿ ಓಡಿ ಬಂದು ಮೇಲೇರುತ್ತದೆ. ಕೆಲವೇ ಸೆಕೆಂಡು, ಮುಗಿಯಿತು. ಬಹಳ ಸಲ ಹೆಣ್ಣು ಕುಗ್ಗುವ ಮೊದಲೇ ಗಂಡು ನುಗ್ಗುತ್ತದೆ, ಹೆಣ್ಣು ತಪ್ಪಿಸಿಕೊಂಡು ಓಡುತ್ತದೆ. ಮಜಾ ಏನೆಂದರೆ, ಹತ್ತಿರದಲ್ಲಿ ಹೆಣ್ಣೇ ಇಲ್ಲದಿದ್ದರೂ ಕೆಲವು ಗಂಡುಗಳು ಈ ಹೂಂಕಾರ ಹಾಕುತ್ತವೆ. ದೂರದ ಹೆಣ್ಣುಗಳು "ಅಲ್ಲೇನೋ ನಡೆದಿದೆ" ಅಂತ ಬಂದು ನೋಡುತ್ತವೆ. ಇದನ್ನೂ ಡೇಕಿನ್ ಮತ್ತು ಮಾಂಟ್ಗೊಮರಿಯೇ ಬರೆದದ್ದು, 2014ರಲ್ಲಿ. ಖಾಲಿ ಹೋಟೆಲಿನವನು ಗಿರಾಕಿ ತುಂಬಿದ್ದಾರೆ ಅಂತ ಗದ್ದಲ ಮಾಡಿದ ಹಾಗೆ.

ನವಿಲಿನ ಕಣ್ಣೀರು ಕುಡಿದು ಹೆಣ್ಣು ಬಸಿರಾಗುತ್ತದೆ ಅನ್ನುವ ಮಾತು ಈಗಲೂ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ಸುಳ್ಳು. ಕೋಳಿಗಳ ಹಾಗೆಯೇ ಕೂಡುತ್ತವೆ. ಹೆಣ್ಣು ಸಾಮಾನ್ಯವಾಗಿ 4ರಿಂದ 8 ಮೊಟ್ಟೆ ಇಟ್ಟು, ಸುಮಾರು 28 ದಿನ ಒಂಟಿಯಾಗಿ ಕಾವು ಕೊಡುತ್ತದೆ.

ಹಂತ 6: ಈಗ ಹೆಣ್ಣನ್ನು ನೋಡಿ

ಮೊದಲ ನಾಲ್ಕೈದು ಸಲ ಗಂಡನ್ನೇ ನೋಡಿ, ತಪ್ಪಿಲ್ಲ. ಆಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಬೈನಾಕ್ಯುಲರ್ ಅನ್ನು ಹೆಣ್ಣಿನ ಮೇಲಿಟ್ಟು ಅಲ್ಲೇ ಬಿಡಿ.

ಮೊದಲಿಗೆ ಅದಕ್ಕೇನೂ ಆಸಕ್ತಿ ಇಲ್ಲ ಅನ್ನಿಸುತ್ತದೆ. ನೆಲ ಕೆದರುತ್ತದೆ, ಹುಳ ಹೆಕ್ಕುತ್ತದೆ, ಬೆನ್ನು ತಿರುಗಿಸುತ್ತದೆ. ಸ್ವಲ್ಪ ತಾಳ್ಮೆಯಿಂದ ನೋಡಿದರೆ, ಹೆಕ್ಕುವ ನಡುವೆ ತಲೆ ಎತ್ತಿ ನಿಲ್ಲುವುದು ಕಾಣುತ್ತದೆ. ಎಷ್ಟು ಸಲ ನಿಂತಿತು? ಗಂಡಿನ ಸುತ್ತ ಬಂತಾ, ಮುಂದಿನಿಂದಲೇ ಹಾದು ಹೋಯಿತಾ? ಇಲ್ಲಿಂದ ಪಕ್ಕದ ಸೈಟಿನ ಇನ್ನೊಂದು ಗಂಡಿನ ಹತ್ತಿರ ಹೋಯಿತಾ? ಮತ್ತೆ ವಾಪಸ್ ಬಂತಾ?

ಹೆಣ್ಣು ಏನನ್ನು ನೋಡಿ ಆರಿಸುತ್ತದೆ ಅನ್ನುವುದರಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಮೇರಿಯನ್ ಪೆಟ್ರಿ ಮತ್ತು ಸಂಗಡಿಗರು 1991ರಲ್ಲಿ ಇಂಗ್ಲೆಂಡಿನ ವಿಪ್ಸ್‌ನೇಡ್ ಪಾರ್ಕಿನ ನವಿಲುಗಳನ್ನು ನೋಡಿ, ಜಾಸ್ತಿ ಕಣ್ಣುಗಳಿರುವ ಸೋಗೆಗೆ ಹೆಣ್ಣುಗಳು ಒಲಿಯುತ್ತವೆ ಅಂದರು. ಜಪಾನಿನಲ್ಲಿ ಮಾರಿಕೊ ತಕಹಾಶಿ ತಂಡ ಏಳು ವರ್ಷ ನೋಡಿ, ಅಂಥದ್ದೇನೂ ಕಾಣಲಿಲ್ಲ ಅಂತ 2008ರಲ್ಲಿ ಪ್ರಕಟಿಸಿತು. 2013ರಲ್ಲಿ ಜೆಸ್ಸಿಕಾ ಯೋರ್ಜಿನ್‌ಸ್ಕಿ ಹೆಣ್ಣು ನವಿಲಿನ ತಲೆಗೇ ಪುಟ್ಟ ಕ್ಯಾಮೆರಾ ಕಟ್ಟಿ ಅದರ ನೋಟ ಎಲ್ಲಿ ಹೋಗುತ್ತದೆ ಅಂತ ಹಿಡಿದರು. ಹತ್ತಿರದಿಂದ ಅದು ನೋಡುತ್ತಿದ್ದದ್ದು ಬಹುಪಾಲು ಸೋಗೆಯ ಕೆಳಭಾಗವನ್ನು, ಆ ಬದಿಯಿಂದ ಈ ಬದಿಗೆ. ನಾವು ಬಾಯಿಬಿಟ್ಟು ನೋಡುವ ಮೇಲಿನ ಅಂಚಿನ ಕಣ್ಣುಗಳ ಕಡೆಗೆ ಅದರ ಗಮನ ಕಡಿಮೆ. ಎತ್ತರದ ಸೋಗೆ ಪೊದೆಯ ಮೇಲಿಂದ ದೂರಕ್ಕೆ ಕಾಣಲು ಇರಬಹುದು.

ಇನ್ನೊಂದು: 2018ರ ಅಧ್ಯಯನವೊಂದರ ಪ್ರಕಾರ, ಗರಿ ನಡುಕದ ವೇಗಕ್ಕೇ ಹೆಣ್ಣಿನ ತಲೆಯ ತುರಾಯಿಯೂ ಹೊಂದಿಕೊಂಡು ಕಂಪಿಸಬಲ್ಲದು. ಕುಣಿತವನ್ನು ಅದು ಕಣ್ಣಿನಲ್ಲಷ್ಟೇ ಅಲ್ಲ, ತಲೆಯ ಮೇಲಿನ ಗರಿಯಲ್ಲೂ ಹಿಡಿಯುತ್ತಿರಬಹುದು. ಈಗ ಹೇಳಿ, ಇಂಥ ಹಕ್ಕಿಯನ್ನು ಬಿಟ್ಟು ಗಂಡನ್ನಷ್ಟೇ ನೋಡುತ್ತಾ ಕೂರುವುದು ಸರಿಯಾ?

ಹಂತ 7: ಫೋನು ಈಗ ತೆಗೆಯಿರಿ

ಮಾಮೂಲಿ ವಿಡಿಯೋ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಸೆಕೆಂಡಿಗೆ 25 ಸಲ ನಡುಗುವ ಗರಿ ಅದರಲ್ಲಿ ಬರೀ ಮಸುಕು. ಸ್ಲೋ ಮೋಷನ್‌ನಲ್ಲಿ 240ಕ್ಕೆ ಇಟ್ಟರೆ ಒಂದೊಂದು ನಡುಕಕ್ಕೂ ಒಂಬತ್ತು ಹತ್ತು ಚಿತ್ರ ಸಿಗುತ್ತವೆ. ಅದಕ್ಕೆ ಬೆಳಕು ಚೆನ್ನಾಗಿ ಬೇಕು, ಏಳು ಗಂಟೆಗೆ ಮುಂಚೆ ಪ್ರಯತ್ನಿಸಬೇಡಿ. ಕಿಟಕಿಯ ದಂಡೆಗೆ ಆನಿಸಿ ಹಿಡಿಯಿರಿ. ಫ್ಲಾಶ್ ಬೇಡ, ಕ್ಯಾಮೆರಾ ಸದ್ದು ಆಫ್ ಇರಲಿ. ಗಂಡು, ಹೆಣ್ಣು ಎರಡೂ ಚೌಕಟ್ಟಿನಲ್ಲಿರಲಿ. ಸೋಗೆ ಮಾತ್ರ ತುಂಬಿಕೊಂಡ ವಿಡಿಯೋದಿಂದ ಆಮೇಲೆ ಏನೂ ತಿಳಿಯುವುದಿಲ್ಲ.

ಹಂತ 8: ಬರೆದಿಡಿ

ನನ್ನ ಪುಸ್ತಕದ ಒಂದು ಪುಟ ಹೀಗಿದೆ:

"ಮೇ 9. ಬೆಳಗ್ಗೆ 6:40. ರಾತ್ರಿ ಮಳೆ, ಈಗ ಬಿಸಿಲು. ಗಂಡು 1 (ಸೋಗೆಯ ಎಡಕ್ಕೆ ಒಂದು ಕಡೆ ಗರಿ ಇಲ್ಲ), ಹೆಣ್ಣು 2. ಹೊಂಗೆ ಮರದ ಕೆಳಗೆ. 6:43 ಸೋಗೆ ಎತ್ತಿತು. 6:44 ರೆಕ್ಕೆ ಅಲುಗಾಟ, ಬೆನ್ನು ಹೆಣ್ಣಿನ ಕಡೆ. 6:46 ತಿರುಗಿತು, ನಡುಕ. ಒಂದು ಹೆಣ್ಣು ತಲೆ ಎತ್ತಿತು, ಇನ್ನೊಂದು ಗೆದ್ದಲು ತಿನ್ನುತ್ತಿದೆ. 6:51 ಹಾಲಿನ ಬೈಕು. ಎರಡೂ ಹೆಣ್ಣು ಪೊದೆಗೆ. ಗಂಡು ಇನ್ನೂ ಎರಡು ನಿಮಿಷ ಹಾಗೇ ನಿಂತಿತ್ತು."

ಇಷ್ಟೇ ಸಾಕು. ಗರಿ ಇಲ್ಲದ ಕಡೆ, ಮುರಿದ ಗರಿ ಇಂಥ ಗುರುತಿನಿಂದ ಒಂದೊಂದು ಗಂಡನ್ನು ಬೇರೆ ಮಾಡಬಹುದು. "ಪ್ರೀತಿಯಿಂದ ಕುಣಿಯಿತು" ಅಂತೆಲ್ಲ ಬರೆಯಬೇಡಿ. ಕಂಡದ್ದನ್ನಷ್ಟೇ ಬರೆಯಿರಿ. ಹಕ್ಕಿ ನೋಡುವವರ ಜಾಲತಾಣವಾದ ಇಬರ್ಡ್‌ನಲ್ಲಿ ದಾಖಲಿಸುವವರು ಮರಿ ಮಾಡುವ ಕಾಲದ ಸಂಕೇತಗಳಲ್ಲಿ 'ಸಿ' ಆರಿಸಿ. ಅದು ಜೋಡಿ ಪ್ರದರ್ಶನಕ್ಕೆ ಇರುವ ಸಂಕೇತ.

ಜನ ಸಾಮಾನ್ಯವಾಗಿ ಎಡವುವುದು ಎಲ್ಲಿ

ಕಾಳು ಹಾಕುವುದು. ಅಕ್ಕಿ, ರಾಗಿ ಚೆಲ್ಲಿದರೆ ನವಿಲು ಬರುತ್ತದೆ, ನಿಜ. ತಿಂದು ಹೋಗುತ್ತದೆ, ಕುಣಿತ ನೋಡಲು ಅದರಿಂದ ಏನೂ ಸಹಾಯವಿಲ್ಲ. ಜೊತೆಗೆ ಬೀದಿನಾಯಿಯೂ ಅದೇ ಜಾಗ ಕಲಿಯುತ್ತದೆ. ಕೋಳಿ ಸಾಕುವವರ ಅಂಗಳವಾದರೆ ಕೊಕ್ಕರೆ ರೋಗದಂಥವು ಕೋಳಿಯಿಂದ ನವಿಲಿಗೆ ದಾಟಬಹುದು. ರೂಢಿಯಾದ ನವಿಲು ಪಕ್ಕದ ಮನೆಯವರ ಕೊತ್ತಂಬರಿ ಮಡಿಯನ್ನೂ ಬಿಡುವುದಿಲ್ಲ, ಆಮೇಲೆ ಜಗಳ ನಿಮಗೆ. ಬೇಸಿಗೆಯಲ್ಲಿ ಅಗಲ ತಟ್ಟೆಯಲ್ಲಿ ನೀರಿಡಿ, ದಿನಾ ತೊಳೆಯಿರಿ, ಸಾಕು.

ಫೋನಿನಲ್ಲಿ ನವಿಲಿನ ಕೂಗು ಹಾಕಿ ಕರೆಯುವುದು. ದಯವಿಟ್ಟು ಬೇಡ. ಗಂಡು ಅದನ್ನು ಎದುರಾಳಿ ಅಂದುಕೊಂಡು ಹೆಣ್ಣನ್ನು ಬಿಟ್ಟು ಹುಡುಕಲು ಹೊರಡುತ್ತದೆ.

ಕಾರು. ಹೊಳೆಯುವ ಬಾಗಿಲಿನಲ್ಲಿ ತನ್ನದೇ ಬಿಂಬ ಕಂಡು ಇನ್ನೊಂದು ಗಂಡು ಅಂತ ಕುಕ್ಕಿ, ಕಾಲಿನ ಮುಳ್ಳಿನಿಂದ ಗೀರುತ್ತದೆ. ಏಪ್ರಿಲ್‌ನಿಂದ ಜುಲೈ ತನಕ ಕಣದ ಪಕ್ಕ ಕಾರು ನಿಲ್ಲಿಸುವುದಾದರೆ ಕವರ್ ಹಾಕಿ. ಕನ್ನಡಿಯಂತೆ ಹೊಳೆಯುವ ಕಿಟಕಿ ಗಾಜಿಗೆ ಹೊರಗಿನಿಂದ ಹಳೆಯ ಪೇಪರ್ ಅಂಟಿಸಿ. ಹಕ್ಕಿಯೂ ಬಚಾವು, ಕಾರೂ ಬಚಾವು.

ಮರಿ ಜೊತೆಗಿರುವ ತಾಯಿಯ ಹತ್ತಿರ ಹೋಗುವುದು. ಅದು ಹೆದರಿ ಮರಿಗಳನ್ನು ಬಿಟ್ಟು ಓಡಬಹುದು, ಎದುರಿಸಿ ಬರಲೂಬಹುದು. ಒಂಟಿ ಮರಿ ಕಂಡರೆ ಎತ್ತಿಕೊಂಡು ಮನೆಗೆ ತರಬೇಡಿ. ತಾಯಿ ಬಹಳ ಸಲ ಹತ್ತು ಹೆಜ್ಜೆ ದೂರದ ಪೊದೆಯಲ್ಲೇ ಇರುತ್ತದೆ. ನಾಯಿಯನ್ನು ಓಡಿಸಿ, ದೂರ ನಿಂತು ಕಾಯಿರಿ.

ಕಾನೂನು. ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಹಿಡಿಯುವುದು, ಮೊಟ್ಟೆ ತೆಗೆಯುವುದು, ಸಾಕುವುದು ಎಲ್ಲವೂ ಅಪರಾಧ. ಬೇಟೆಗೆ 3ರಿಂದ 7 ವರ್ಷ ಜೈಲು. ಗಾಯಗೊಂಡ ನವಿಲು ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರುವ ತನಕ ಬಟ್ಟೆ ಮುಚ್ಚಿ ಕತ್ತಲಲ್ಲಿಡಿ. ಬಾಯಿಗೆ ನೀರು ಹಾಕಬೇಡಿ.

ಇನ್ನು ಸೋಗೆ ಪೂರ್ತಿ ಬಿಚ್ಚಿದ ವಿಡಿಯೋ ಸಿಕ್ಕಿತು ಅಂತ ಜಾಗದ ಲೊಕೇಶನ್ ಸಮೇತ ಹಂಚಬೇಡಿ. ಮುಂದಿನ ಭಾನುವಾರ ಅಲ್ಲಿ ನವಿಲಿಗಿಂತ ಕ್ಯಾಮೆರಾಗಳು ಜಾಸ್ತಿ ಇರುತ್ತವೆ.

ಆಗಸ್ಟ್ ನಂತರ

ಗರಿಗಳು ಒಂದೊಂದೇ ಉದುರುತ್ತವೆ. ತಾನಾಗಿ ಉದುರಿದ ಗರಿಯ ಬುಡ ಒಣಗಿ ಚೊಕ್ಕಟವಾಗಿರುತ್ತದೆ. ಬುಡದಲ್ಲಿ ರಕ್ತವೋ ಮಾಂಸವೋ ಅಂಟಿದ್ದರೆ ಅದು ಕಿತ್ತ ಗರಿ, ಅಂಥದ್ದನ್ನು ಯಾರು ಮಾರಲು ತಂದರೂ ಕೊಳ್ಳಬೇಡಿ. ಸೋಗೆ ಹೋದ ಗಂಡು ಒಂದೆರಡು ತಿಂಗಳು ಪೊದೆ ಬಿಟ್ಟು ಹೊರಗೆ ಬರುವುದೇ ಕಡಿಮೆ. ಕಣ ಖಾಲಿ.

ಆದರೆ ಪುಸ್ತಕ ಎತ್ತಿಡಬೇಡಿ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಾಯಿಯ ಹಿಂದೆ ಮರಿಗಳು ಓಡಾಡುತ್ತವೆ. ಅವುಗಳಲ್ಲಿ ಕೋಳಿಯಷ್ಟೇ ಗಾತ್ರದ ಒಂದು ಇದ್ದಕ್ಕಿದ್ದಂತೆ ನಿಂತು, ಗೇಣುದ್ದವೂ ಇಲ್ಲದ ಕಂದು ಬಾಲವನ್ನು ಎತ್ತಿ, ಬಿಚ್ಚಿ, ಗಂಭೀರವಾಗಿ ನಡುಗಿಸುತ್ತದೆ. ಎದುರಿಗೆ ಕಾಗೆ ಇರಬಹುದು, ಒಡೆದ ಬಕೆಟ್ ಇರಬಹುದು. ತಾಯಿ ತಿರುಗಿಯೂ ನೋಡುವುದಿಲ್ಲ. ಸಮಯ ಬರೆದುಕೊಳ್ಳಿ.